ಮನೆಯ ಆರೋಗ್ಯ: ಗಮನದ ಗುಳಿಗೆಯೂ ಮಗುವಿನ ಬೆಳವಣಿಗೆಯೂ



ಕಳೆದ ದೀಪಾವಳಿಯ ಮುಂಚಿನ ಮಾತು. ನಮ್ಮ ಸಂಘದ ಸದಸ್ಯರೊಬ್ಬರ ಮಡದಿ, ಧಾರವಾಡದ ಕಡೆಯವರು, ದಾದರಿನ ಬಟ್ಟೆಯಂಗಡಿಯಿಂದ ನೆಟ್ಟಗೆ ನನ್ನ ದವಾಖಾನೆಗೆ ಬಂದರು. ಕೈಯಲ್ಲಿ ಹೊಸ ಅಂಗಿಯ ಪೊಟ್ಟಣ, ಕಣ್ಣಲ್ಲಿ ನೀರು. ಜೊತೆಗೆ ಹತ್ತು ವರ್ಷದ ಮಗ.

"ನೋಡ್ರಿ ಬಾಯಾರ, ಹುಡುಗ ಬೆಳೀವಲ್ಲ. ಹೋದ ವರ್ಷದ ಅಳತಿ ಅಂಗೀನ ಈ ವರ್ಷಾನೂ ಬರ್ತದ. ಆ ಗುಳಿಗಿ ಮೈಯಾಗಿನ ಹಾರ್ಮೋನು ಎಲ್ಲಾ ಕೆಡಸ್ತಾವ ಅಂತ ಮಂದಿ ಅಂತಾರ. ಮೂರು ವಾರದಿಂದ ನಾ ಕೊಡೋದು ಬಿಟ್ಟೇನಿ. ಮನಿಯವರಿಗೂ ಹೇಳಿಲ್ಲ."

ಹುಡುಗನಿಗೆ ಎ.ಡಿ.ಎಚ್.ಡಿ., ಅಂದರೆ ಗಮನದ ಕೊರತೆ ಹಾಗೂ ಮಿತಿಮೀರಿದ ಚಟುವಟಿಕೆ. ಎರಡು ವರ್ಷಗಳಿಂದ ಮೀಥೈಲ್‌ಫೆನಿಡೇಟ್ ಎಂಬ ಗುಳಿಗೆ ನಡೆದಿತ್ತು. ಅದನ್ನು ನಿಲ್ಲಿಸಿದ ಮೂರು ವಾರಗಳಲ್ಲಿ ಶಾಲೆಯಿಂದ ಎರಡು ಚೀಟಿಗಳು ಬಂದಿದ್ದವು. ಒಂದು ಸಂಜೆಯಂತೂ ಹುಡುಗ ಚೆಂಡಿನ ಹಿಂದೆ ಓಡಿ ಬಸ್ಸಿನ ಮುಂದೆಯೇ ಬಿದ್ದನಂತೆ. ದೇವರ ದಯೆ, ಮೊಣಕಾಲು ತರಚಿದ್ದರಲ್ಲೇ ಮುಗಿಯಿತು. ನಾನು ತಾಯಿಯೊಡನೆ ಮಾತನಾಡುತ್ತಿದ್ದಾಗ ಅವನೇ ನಡುವೆ ಬಾಯಿ ಹಾಕಿದ: "ಗುಳಿಗಿ ತಗೊಂಡ್ರ ಗಿಡ್ಡ ಆಗ್ತೇನಿ, ಬಿಟ್ರ ಬೈಸ್ಕೋತೇನಿ. ನಾ ಏನ್ ಮಾಡ್ಲಿ ಆಂಟಿ?"

ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ದೊಡ್ಡವರ ಹೊಣೆ. ಆ ತಾಯಿಯ ಭಯದಲ್ಲಿ ಅರ್ಧ ನಿಜವಿದೆ, ಅರ್ಧ ತಪ್ಪು ತಿಳುವಳಿಕೆಯಿದೆ. ಎರಡನ್ನೂ ಬೇರೆ ಬೇರೆ ಮಾಡಿ ತೋರಿಸುವುದೇ ಈ ಸಲದ ಅಂಕಣದ ಉದ್ದೇಶ.

ಮೊದಲು ತಪ್ಪು ತಿಳುವಳಿಕೆಯ ಮಾತು. ಮೀಥೈಲ್‌ಫೆನಿಡೇಟ್ ನಿನ್ನೆ ಮೊನ್ನೆಯ ಔಷಧವಲ್ಲ. 1944ರಲ್ಲಿಯೇ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದದ್ದು. ಇದು ಮೆದುಳಿನಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳ ಪ್ರಭಾವವನ್ನು ಹೆಚ್ಚಿಸುತ್ತದೆ. ಡೋಪಮೈನಿಗೂ ಪಿಟ್ಯುಟರಿ ಗ್ರಂಥಿಗೂ ಸಂಬಂಧವಿರುವುದರಿಂದ, ಬೆಳವಣಿಗೆಯ ಹಾರ್ಮೋನಿಗೆ ಇದು ಅಡ್ಡಿ ಮಾಡೀತೆ ಎಂಬ ಸಂಶಯ ವೈದ್ಯರಿಗೂ ಬಹಳ ಹಿಂದಿನಿಂದ ಇತ್ತು. ಆದರೆ ರಕ್ತಪರೀಕ್ಷೆಗಳಲ್ಲಿ ಆ ಹಾರ್ಮೋನು ಶಾಶ್ವತವಾಗಿ ಕುಂದಿದ್ದು ಖಚಿತವಾಗಿ ಕಂಡುಬಂದಿಲ್ಲ. ಥೈರಾಯಿಡ್ ಗ್ರಂಥಿಯನ್ನು ಈ ಗುಳಿಗೆ ಹಾಳುಮಾಡುತ್ತದೆಂಬ ಮಾತಿಗೂ ಆಧಾರವಿಲ್ಲ. ಇಲ್ಲಿ ವಿಷಯ ತಿರುಗುಮುರುಗಾಗಿದೆ: ಥೈರಾಯಿಡ್ ಅತಿಯಾಗಿ ಕೆಲಸಮಾಡಿದರೆ ಮಗು ಚಡಪಡಿಸುತ್ತದೆ, ಒಂದೆಡೆ ಕೂರುವುದಿಲ್ಲ. ಅಂಥ ಮಗುವಿಗೆ ಈ ಗುಳಿಗೆ ಸಲ್ಲದು. ಆದಕಾರಣ ಥೈರಾಯಿಡಿನ ಲಕ್ಷಣಗಳಿದ್ದರೆ ಔಷಧ ಶುರುಮಾಡುವ ಮುಂಚೆಯೇ ಅದನ್ನು ಪರೀಕ್ಷಿಸಬೇಕು.

ಇನ್ನು ನಿಜದ ಮಾತು. ಅಮೇರಿಕದಲ್ಲಿ 1990ರ ದಶಕದಲ್ಲಿ, 7ರಿಂದ 9 ವರ್ಷದ 579 ಮಕ್ಕಳ ಮೇಲೆ ದೊಡ್ಡದೊಂದು ಅಧ್ಯಯನ ಆರಂಭವಾಯಿತು. 2007ರಲ್ಲಿ ಪ್ರಕಟವಾದ ವರದಿಯಂತೆ, ಹೊಸದಾಗಿ ಔಷಧ ಶುರುಮಾಡಿದ ಮಕ್ಕಳು ಮೂರು ವರ್ಷಗಳ ತರುವಾಯ, ಔಷಧವನ್ನೇ ತೆಗೆದುಕೊಳ್ಳದವರಿಗಿಂತ ಸರಾಸರಿ 2 ಸೆಂಟಿಮೀಟರು ಗಿಡ್ಡ, 2.7 ಕಿಲೋ ಹಗುರ. ಅದೇ ಮಕ್ಕಳು ದೊಡ್ಡವರಾದ ಮೇಲೆ, 2017ರ ವರದಿಯಲ್ಲಿ, ಹೆಚ್ಚು ಕಾಲ ಔಷಧ ತೆಗೆದುಕೊಂಡವರಿಗೂ ಬಹು ಕಡಿಮೆ ತೆಗೆದುಕೊಂಡವರಿಗೂ ಎತ್ತರದಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು, ಅಂದರೆ ಒಂದು ಅಂಗುಲದಷ್ಟು ಅಂತರ ಕಂಡಿತು. ಕೊನೆಯ ಎತ್ತರದಲ್ಲಿ ವ್ಯತ್ಯಾಸವೇ ಇಲ್ಲವೆಂದು ಹೇಳಿದ ಅಧ್ಯಯನಗಳೂ ಇವೆ.

ಹಾರ್ಮೋನು ಕೆಡದೆ ಎತ್ತರ ಹೇಗೆ ಕುಂದೀತು? ಮುಖ್ಯ ಕಾರಣ ಹೊಟ್ಟೆಯೆಂದು ತೋರುತ್ತದೆ. ಬೆಳಿಗ್ಗೆ ನುಂಗಿದ ಗುಳಿಗೆ ಮಧ್ಯಾಹ್ನದ ಹಸಿವೆಯನ್ನು ಕೊಲ್ಲುತ್ತದೆ. ಶಾಲೆಯ ಡಬ್ಬಿ ಹೋದಹಾಗೆಯೇ ಮರಳಿ ಬರುತ್ತದೆ. ರಾತ್ರಿ ಎಂಟಕ್ಕೆ ಹಸಿವೆ ತಿರುಗಿ ಬರುವ ಹೊತ್ತಿಗೆ ತಾಯಿ ಒಲೆ ಆರಿಸಿರುತ್ತಾಳೆ. ತಡವಾಗಿ ಕೊಟ್ಟ ಗುಳಿಗೆ ನಿದ್ದೆಯನ್ನೂ ಕೆಡಿಸುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಗಾಢನಿದ್ರೆಯಲ್ಲಿ ಎಂಬುದನ್ನು ಮರೆಯಬಾರದು.

ನಾನು ಆ ಸೋದರಿಯನ್ನು ಕೇಳಿದೆ, "ಎತ್ತರ, ತೂಕ ಎಲ್ಲಾದರೂ ಬರೆದಿಟ್ಟಿದ್ದೀರಾ?" ಇಲ್ಲವೆಂದು ತಲೆಯಾಡಿಸಿದವರು ತಟ್ಟನೆ ಏನೋ ನೆನೆದು ಧಾರವಾಡಕ್ಕೆ ಫೋನು ಮಾಡಿದರು. ಅವರ ಅತ್ತೆಯವರು ಪ್ರತಿ ಮೇ ರಜೆಯಲ್ಲಿ ಮೊಮ್ಮಗನನ್ನು ಪಡಸಾಲೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಿಂದ ಗೆರೆ ಎಳೆಯುವುದು ವಾಡಿಕೆ. ಅಜ್ಜಿ ಟೇಪು ಹಿಡಿದು ಅಳೆದು ಹೇಳಿದರು: ಗುಳಿಗೆಗೆ ಮುಂಚಿನ ವರ್ಷ 6 ಸೆಂಟಿಮೀಟರು, ಅನಂತರದ ಎರಡು ವರ್ಷಗಳಲ್ಲಿ 4 ಮತ್ತು ಮೂರೂವರೆ. ಈ ವಯಸ್ಸಿನ ಮಗು ವರ್ಷಕ್ಕೆ 5ರಿಂದ 6 ಸೆಂಟಿಮೀಟರು ಬೆಳೆಯಬೇಕು. ಬೆಳವಣಿಗೆ ನಿಂತಿರಲಿಲ್ಲ, ನಿಧಾನವಾಗಿತ್ತು. ತಾಯಿಯ ಕಣ್ಣು ಸುಳ್ಳಾಡಿರಲಿಲ್ಲ.

ಆ ಲೆಕ್ಕವನ್ನು ಚೀಟಿಯಲ್ಲಿ ಬರೆದು, ಗಂಡನಿಗೂ ಸಂಗತಿ ತಿಳಿಸಿ, ಔಷಧ ಬರೆದುಕೊಟ್ಟಿದ್ದ ತಜ್ಞರ ಬಳಿಗೇ ಕಳಿಸಿದೆ. ಅವರು ಬೇರೆ ಕಾಯಿಲೆ ಇಲ್ಲವೆಂದು ಪರೀಕ್ಷಿಸಿ, ಪ್ರಮಾಣವನ್ನು ತುಸು ಇಳಿಸಿ ಮತ್ತೆ ಶುರುಮಾಡಿಸಿದರು, ಊಟದ ಹೊತ್ತು ಬದಲಿಸಿದರು, ಮೇ ರಜೆಯಲ್ಲಿ ಅಜ್ಜಿಯ ಮನೆಯಲ್ಲಿರುವಾಗ ಗುಳಿಗೆಗೆ ಬಿಡುವು ಕೊಟ್ಟರು. ಈ ಮೇ ತಿಂಗಳ ಗೆರೆ ಹಿಂದಿನದಕ್ಕಿಂತ 5 ಸೆಂಟಿಮೀಟರು ಮೇಲಿದೆ. ಅಷ್ಟಕ್ಕೂ ತಂದೆಯೇ ಐದು ಅಡಿ ನಾಲ್ಕು ಅಂಗುಲದವರು. ಮಗ ಆರಡಿಯಾಗಲಿಲ್ಲವೆಂದು ಗುಳಿಗೆಯನ್ನು ಬೈದು ಫಲವೇನು?

ಇನ್ನೊಂದು ಮುಖ್ಯ ಎಚ್ಚರಿಕೆ. ಕೆಲವು ಮಕ್ಕಳಿಗೆ ಸಿಟ್ಟು, ಹೊಡೆದಾಟ ಹತೋಟಿಗೆ ಬರಲೆಂದು ರಿಸ್ಪೆರಿಡೋನ್ ಎಂಬ ಎರಡನೆಯ ಔಷಧವನ್ನೂ ಕೊಡುವುದುಂಟು. ಹಾರ್ಮೋನಿಗೆ ನೇರವಾಗಿ ಕೈಹಾಕುವುದು ಇದು. ಇದು ಡೋಪಮೈನನ್ನು ತಡೆಯುವುದರಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಹುಡುಗರಲ್ಲಿ ಎದೆ ಉಬ್ಬುವುದು, ಹುಡುಗಿಯರಲ್ಲಿ ಮುಟ್ಟು ತಪ್ಪುವುದು, ಎದೆಯಿಂದ ಹಾಲು ಒಸರುವುದು ಇದರಿಂದ ಆಗಬಹುದು. ಮೈತೂಕವೂ ಏರುತ್ತದೆ. ಮಕ್ಕಳು ನಾಚಿಕೆಯಿಂದ ಹೇಳುವುದಿಲ್ಲ. ತಾಯಂದಿರೇ ಮೆಲ್ಲಗೆ ಕೇಳಬೇಕು, ಡಾಕ್ಟರರಿಗೆ ತಿಳಿಸಬೇಕು.

ಮನೆಯಲ್ಲಿ ಮಾಡತಕ್ಕದ್ದು ಇಷ್ಟು:

1. ಗುಳಿಗೆ ಶುರುಮಾಡುವ ಮೊದಲೇ ಎತ್ತರ, ತೂಕ, ನಾಡಿ, ರಕ್ತದೊತ್ತಡ ಬರೆದಿಡಿ. ಎತ್ತರವನ್ನು ಆರು ತಿಂಗಳಿಗೊಮ್ಮೆ, ತೂಕವನ್ನು ಹತ್ತು ವರ್ಷದವರೆಗೆ ಮೂರು ತಿಂಗಳಿಗೊಮ್ಮೆ ನೋಡಿ. ಬರಿಗಾಲು, ಅದೇ ಗೋಡೆ, ಬೆಳಗಿನ ಹೊತ್ತು.

2. ಗುಳಿಗೆಗೆ ಮುಂಚೆ ಹೊಟ್ಟೆತುಂಬ ತಿಂಡಿ ಕೊಡಿ. ಡಬ್ಬಿಯಲ್ಲಿ ಸ್ವಲ್ಪವೇ ಆದರೂ ಶೇಂಗಾ ಉಂಡೆ, ತುಪ್ಪದ ಚಪಾತಿಯಂಥ ಸತ್ವದ ಪದಾರ್ಥವಿರಲಿ. ರಾತ್ರಿ ಹಸಿವೆ ಬಂದಾಗ ಬೇಡವೆನ್ನಬೇಡಿ.

3. ವರ್ಷದ ಬೆಳವಣಿಗೆ 4 ಸೆಂಟಿಮೀಟರಿಗಿಂತ ಕಡಿಮೆಯಾದರೆ, ಅಥವಾ ತೂಕ ಇಳಿಯುತ್ತಿದ್ದರೆ, ಮಕ್ಕಳ ತಜ್ಞರಿಗೆ ತೋರಿಸಿ.

4. ಗುಳಿಗೆಯನ್ನು ಗುಟ್ಟಾಗಿ ನಿಲ್ಲಿಸಬೇಡಿ. ಬಿಡುವು ಬೇಕಾದರೆ ಕೇಳಿ ಪಡೆಯಿರಿ.

ಆ ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ: "ಗಿಡ್ಡ ಆಗೋದು, ಬೈಸಿಕೊಳ್ಳೋದು, ಇವೆರಡೇ ದಾರಿ ಅಲ್ಲಪ್ಪ. ಡಬ್ಬಿ ಖಾಲಿ ಮಾಡಿಕೊಂಡು ಬಾ; ಮಿಕ್ಕಿದ್ದನ್ನು ನಾವು ಅಳೆದು ನೋಡೋಣ." ಡಬ್ಬಿ ಈಗಲೂ ಕೆಲವು ದಿನ ಅರ್ಧವೇ ಬರುತ್ತದಂತೆ. ತಾಯಿ ಅದನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಾರೆ.