ನವೆಯಾಗುವ ಮೊಡವೆ

ಹಣೆಯ ಮೇಲೆ, ಕೂದಲಂಚಿನಲ್ಲಿ, ಎದೆ ಬೆನ್ನಿನ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ಬೆವರಿದರೆ ಸಾಕು, ಕೆರೆದುಕೊಳ್ಳುವಷ್ಟು ನವೆ. ತಿಂಗಳುಗಟ್ಟಲೆ ಮೊಡವೆಯ ಕ್ರೀಮು ಹಚ್ಚಿದರೂ ಜಗ್ಗುವುದಿಲ್ಲ. ಕಾಲೇಜಿಗೆ ಹೋಗುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಇದು ಪರಿಚಿತ ಗೋಳು. ಇಂಥದ್ದು ಎಷ್ಟೋ ಸಲ ಮೊಡವೆಯೇ ಆಗಿರುವುದಿಲ್ಲ.

‘ಫಂಗಲ್ ಆಕ್ನೆ’ ಎಂದು ಈಗ ಎಲ್ಲರೂ ಕರೆಯುವ ಈ ತೊಂದರೆಗೆ ವೈದ್ಯರು ಇಟ್ಟ ಹೆಸರು ಮಲಸ್ಸೀಜಿಯಾ ಫಾಲಿಕ್ಯುಲೈಟಿಸ್. ಮಲಸ್ಸೀಜಿಯಾ ಎಂಬುದು ಚರ್ಮದ ಜಿಡ್ಡನ್ನು ತಿಂದು ಬದುಕುವ ಯೀಸ್ಟ್ ಜಾತಿಯ ಶಿಲೀಂಧ್ರ. ನಿಮ್ಮ, ನನ್ನ, ಎಲ್ಲರ ಮೈಮೇಲೂ ಇರುತ್ತದೆ. ತಲೆಹೊಟ್ಟಿನಲ್ಲಿ ಇದರ ಪಾತ್ರವಿದೆ, ಬೆನ್ನ ಮೇಲೆ ಬಿಳಿಚಿಕೊಳ್ಳುವ ಸಿಬ್ಬಕ್ಕೂ ಇದೇ ಕಾರಣ. ಬೆವರು, ಸೆಕೆ, ಜಿಡ್ಡು ಒಟ್ಟಾದಾಗ ಕೂದಲ ಬುಡದೊಳಗೆ ಇದು ಮಿತಿಮೀರಿ ಬೆಳೆಯುತ್ತದೆ. ಆಗ ಏಳುವುದೇ ಈ ಗುಳ್ಳೆ. ಮಂಗಳೂರು, ಉಡುಪಿ ಕಡೆಯ ಸೆಕೆ ಇದಕ್ಕೆ ಹೇಳಿ ಮಾಡಿಸಿದ ಹವೆ. ಕೊಳಕಿನಿಂದ ಬಂತು ಎಂದು ಹುಡುಗರನ್ನು ಗದರಿಸುವ ಹಿರಿಯರು ದಯವಿಟ್ಟು ಆ ಮಾತು ನಿಲ್ಲಿಸಬೇಕು.

ಮೊಡವೆಯಲ್ಲಿ ಕಪ್ಪು ತಲೆಯ, ಬಿಳಿ ತಲೆಯ ಚುಕ್ಕೆಗಳಿರುತ್ತವೆ. ದೊಡ್ಡದು, ಚಿಕ್ಕದು, ಗಂಟು, ಕೀವು ಎಲ್ಲ ಬೆರೆತಿರುತ್ತದೆ. ಫಂಗಸ್‌ನ ಗುಳ್ಳೆಗಳಲ್ಲಿ ಆ ಚುಕ್ಕೆಗಳಿಲ್ಲ, ನವೆಯೇ ಮುಖ್ಯ. ಆದರೂ ಎರಡೂ ಒಂದೇ ಮುಖದ ಮೇಲೆ ಇರಬಹುದಾದ್ದರಿಂದ ಕನ್ನಡಿಯೊಂದನ್ನೇ ನಂಬುವಂತಿಲ್ಲ. ಚರ್ಮರೋಗ ತಜ್ಞರು ಗುಳ್ಳೆಯಿಂದ ತುಸು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್ ಕಾಣುತ್ತದೆ. ಸರಳ ಪರೀಕ್ಷೆ.

ನನ್ನ ಕಳವಳವಿರುವುದು ಈ ಪರೀಕ್ಷೆಗೆ ಮೊದಲೇ ನಡೆದುಹೋಗುವ ಚಿಕಿತ್ಸೆಯ ಬಗ್ಗೆ. ಮೊಡವೆಯೆಂದುಕೊಂಡು ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್ ನುಂಗಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಯೀಸ್ಟ್‌ಗೆ ಏನೂ ಆಗುವುದಿಲ್ಲ. ಪೈಪೋಟಿ ತಗ್ಗಿದ ಜಾಗದಲ್ಲಿ ಅದು ಇನ್ನಷ್ಟು ಹಬ್ಬುತ್ತದೆ. ಇದಕ್ಕಿಂತ ಅಪಾಯದ್ದು ಸ್ಟೀರಾಯ್ಡ್ ಬೆರೆತ ಟ್ಯೂಬು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಇರುವ ಕ್ರೀಮು ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿಯುತ್ತದೆ, ನವೆ ನಿಲ್ಲುತ್ತದೆ. ಮನೆಯವರೆಲ್ಲ ಮದ್ದು ನಾಟಿತು ಎಂದು ನಂಬುತ್ತಾರೆ. ಹಾಸ್ಟೆಲಿನಲ್ಲಾದರೆ ಆ ಟ್ಯೂಬು ಕೋಣೆಯಿಂದ ಕೋಣೆಗೆ ಹೋಗುತ್ತದೆ. ಒಳಗೆ ಚರ್ಮದ ರೋಗನಿರೋಧಕ ಶಕ್ತಿ ಕುಗ್ಗಿ ಫಂಗಸ್ ಬೇರೂರುತ್ತಿರುತ್ತದೆ. ಬಿಟ್ಟೊಡನೆ ಗುಳ್ಳೆಗಳು ಮರಳುತ್ತವೆ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸ್ಟೀರಾಯ್ಡಿನಿಂದಲೇ ಹೊಸ ಗುಳ್ಳೆ ಏಳುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನು ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ತಂದಿದೆ. ಚೀಟಿ ಕೇಳದೆ ಟ್ಯೂಬು ಕೊಡುವ ಅಂಗಡಿಯವರು ಗಿರಾಕಿಗೆ ಉಪಕಾರ ಮಾಡುತ್ತಿಲ್ಲ.

ಸರಿಯಾದ ಮದ್ದು ದುಬಾರಿಯೂ ಅಲ್ಲ. ತಲೆಹೊಟ್ಟಿಗೆ ಬಳಸುವ ಕೀಟೋಕೋನಜೋಲ್ ಶಾಂಪೂವನ್ನೇ ವೈದ್ಯರು ಎದೆ, ಬೆನ್ನಿಗೆ ಹಚ್ಚಿ ಕೆಲವು ನಿಮಿಷ ಬಿಟ್ಟು ತೊಳೆಯಲು ಹೇಳುವುದುಂಟು. ಫಂಗಸ್ ಕೂದಲ ಬುಡದಲ್ಲಿ ಆಳಕ್ಕೆ ಇಳಿದಿದ್ದರೆ ಇಟ್ರಾಕೋನಜೋಲ್ ಅಥವಾ ಫ್ಲುಕೋನಜೋಲ್ ಮಾತ್ರೆ ಬೇಕಾಗುತ್ತದೆ. ಇವು ಬೇರೆ ಔಷಧಿಗಳೊಂದಿಗೆ ತಾಕಲಾಡುತ್ತವೆ, ಯಕೃತ್ತಿನ ಮೇಲೂ ನಿಗಾ ಬೇಕು, ಹಾಗಾಗಿ ಸ್ವಂತಕ್ಕೆ ನುಂಗುವ ಮಾತೇ ಇಲ್ಲ. ವಾಸಿಯಾದ ಮೇಲೂ ಮರುಕಳಿಸುವ ಸ್ವಭಾವ ಇದರದ್ದು. ಆಗಾಗ ಶಾಂಪೂ ಹಚ್ಚಿ ಕಾಪಾಡಿಕೊಳ್ಳಬೇಕಾಗಬಹುದು. ಆಟ, ವ್ಯಾಯಾಮ ಮುಗಿದೊಡನೆ ಬೆವರಿದ ಬಟ್ಟೆ ಬದಲಿಸಿ. ಹಣೆಗೆ ಇಳಿಯುವಷ್ಟು ತಲೆಗೆ ಎಣ್ಣೆ ಬೇಡ, ಗುಳ್ಳೆಗಳ ಮೇಲಂತೂ ಕೊಬ್ಬರಿ ಎಣ್ಣೆ ಸವರಲೇಬೇಡಿ. ಜಿಡ್ಡೇ ಆ ಫಂಗಸ್‌ನ ಆಹಾರ.

ಮಗನೋ ಮಗಳೋ ಬೆನ್ನು ತುರಿಸಿಕೊಳ್ಳುತ್ತಿದ್ದರೆ ಒಮ್ಮೆ ಚರ್ಮರೋಗ ತಜ್ಞರ ಬಳಿ ಕರೆದೊಯ್ಯಿರಿ. ಹತ್ತಿರದ ಜಿಲ್ಲಾಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆಯೇ ಎಂದು ವಿಚಾರಿಸಿ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ನುಂಗಿದ ಮಾತ್ರೆಯ ಪಟ್ಟಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಒಂದನ್ನೂ ಮುಚ್ಚಿಡದೆ ಮೇಜಿನ ಮೇಲಿಡಿ.