ತಿಪ್ಪೆ ಯಾರದು?

ನಮ್ಮ ಬೀದಿಗೆ ಬೆಳಿಗ್ಗೆ ಏಳಕ್ಕೆ ಕಸದ ಆಟೋ ಬರುತ್ತದೆ. ಅದರ ಬದಿಗೆ ಎರಡು ಗೋಣಿಚೀಲ ಕಟ್ಟಿರುತ್ತಾರೆ. ಜೊತೆಗೆ ಬರುವ ಹೆಂಗಸು ಗಂಟು ಹಾಕಿದ ಕವರು ಹರಿದು ನಿನ್ನೆಯ ಅನ್ನ, ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟವನ್ನು ಒಳಗೆ ಸುರಿಯುತ್ತಾಳೆ. ಅದರಲ್ಲೇ ಹುದುಗಿದ್ದ ಹಾಲಿನ ಕವರನ್ನು ಹೆಕ್ಕಿ, ಕೊಡವಿ, ಗೋಣಿಗೆ ಹಾಕುತ್ತಾಳೆ. ಗೋಣಿ ತುಂಬಿದರೆ ಗುಜರಿ ಅಂಗಡಿಗೆ. ಕೈಗವಸು ಒಂದು ದಿನ ಇರುತ್ತದೆ, ಇನ್ನೊಂದು ದಿನ ಇಲ್ಲ.

ಹಳೇ ಪೇಪರನ್ನು ಮಾತ್ರ ನಾವು ಹಾಗೆ ಬಿಸಾಡುವುದಿಲ್ಲ. ಮಡಚಿ, ಒಟ್ಟಿ, ತಕ್ಕಡಿಯವನ ಜೊತೆ ಚೌಕಾಸಿ ಮಾಡಿ ಮಾರುತ್ತೇವೆ. ವಿಂಗಡಿಸುವ ವಿದ್ಯೆ ನಮಗೆ ಬಾರದೆ ಏನಿಲ್ಲ. ಅನ್ನ ಕೊಳೆತರೆ ಗೊಬ್ಬರ, ಕವರು ತೊಳೆದರೆ ಮಾಲು. ಎರಡೂ ಒಂದೇ ಚೀಲಕ್ಕೆ ಬಿದ್ದಾಗ ಕಸ. ಅಂದರೆ ಕಸ ಹುಟ್ಟುವುದು ನಮ್ಮ ಅಡುಗೆಮನೆಯಲ್ಲಿ, ಬೆರೆಸಿದ ಆ ಗಳಿಗೆಯಲ್ಲಿ.

ಹಳ್ಳಿಯಲ್ಲಿ ತಿಪ್ಪೆ ಹಿತ್ತಲಲ್ಲೇ ಇತ್ತು. ನಾರಿದರೆ ಮೂಗು ಮುಚ್ಚಿಕೊಳ್ಳಬೇಕಾದವರೂ, ಮಳೆಗೆ ಮುಂಚೆ ಅದನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದವರೂ ಮನೆಯವರೇ. (ಆಗ ಪ್ಲಾಸ್ಟಿಕ್ ಇರಲಿಲ್ಲ, ನಿಜ. ಆ ಕಾಲವನ್ನು ಹೊಗಳುವ ಉಮೇದು ನನಗಿಲ್ಲ.) ಬೆಂಗಳೂರು ತನ್ನ ತಿಪ್ಪೆಯನ್ನು ಬೇರೆಯವರ ಹಿತ್ತಲಿಗೆ ಸಾಗಿಸಿತು. 2012ರಲ್ಲಿ ಊರಾಚೆಯ ಮಾವಳ್ಳಿಪುರ ಎಂಬ ಹಳ್ಳಿಗೆ ಕಸದ ಲಾರಿ ಹೋಗುವುದು ನಿಂತಾಗ ಕಸ ನಗರದ ಬೀದಿಯಲ್ಲೇ ಗುಡ್ಡೆ ಬಿತ್ತು. ವಿಂಗಡಣೆ ಕಡ್ಡಾಯ ಎಂದು ಪಾಲಿಕೆ ಹೇಳಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ಲಾರಿಗಳು ಮಾತ್ರ ಮಂಡೂರು ಎಂಬ ಇನ್ನೊಂದು ಹಳ್ಳಿಯ ದಾರಿ ಹಿಡಿದವು. ಅಲ್ಲಿನ ಜನ ರಸ್ತೆಗಿಳಿದ ಮೇಲೆ, 2014ರ ಕೊನೆಗೆ ಅದೂ ಮುಚ್ಚಿತು. ಆಮೇಲೆ ನಗರದ ಉತ್ತರಕ್ಕಿರುವ ಕಲ್ಲುಕ್ವಾರಿಗಳ ಸರದಿ. ಬೆರಕೆ ಕಸ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಬೆಂಕಿ ಹತ್ತುತ್ತದೆ. ಅದರಿಂದ ಒಸರುವ ಕಪ್ಪು ರಸ ನೆಲಕ್ಕಿಳಿದು ಬಾವಿ, ಬೋರ್‌ವೆಲ್ ಸೇರುತ್ತದೆ.

‘ನಾವು ಬೇರೆ ಮಾಡಿ ಕೊಟ್ಟರೂ ಅವರು ಲಾರಿಯಲ್ಲಿ ಬೆರೆಸುತ್ತಾರಲ್ಲ’ ಎನ್ನುವವರಿದ್ದಾರೆ. ಬೆರೆಸಿದ್ದನ್ನು ನಾನೂ ಕಂಡಿದ್ದೇನೆ, ಜಗಳವನ್ನೂ ಆಡಿದ್ದೇನೆ. ಆದರೆ ಬೇರೆಬೇರೆಯಾಗಿ ಕೊಟ್ಟವರಿಗೆ ಮಾತ್ರ ಆ ಜಗಳ ಆಡುವ ಬಾಯಿ ಇರುತ್ತದೆ.

ಮನೆಗಳಿಂದ ಹೋಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಅದು ವಾರ್ಡಿನೊಳಗೇ ಗೊಬ್ಬರವಾದರೆ ಊರಾಚೆ ಹೋಗುವ ಲಾರಿಗಳೂ ಅರ್ಧಕ್ಕರ್ಧ ಇಳಿಯುತ್ತವೆ. ಹಾಗೆಂದೇ ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಗೊಬ್ಬರದ ಶೆಡ್ ಹಾಕುವ ಮಾತು ಬಂತು. ಒಂದೇ ವಾರದಲ್ಲಿ ವಿರೋಧದ ಅರ್ಜಿ ಮನೆಮನೆ ಸುತ್ತಿತು. ನಾನೂ ಸಹಿ ಹಾಕಿದೆ. ಮಂಡೂರಿನವರೂ ಬೇಡ ಅಂದಿದ್ದರಲ್ಲ ಎಂದು ಆಗ ಸಮಾಧಾನ ಹೇಳಿಕೊಂಡಿದ್ದೆ. ಅವರು ಬೇಡ ಅಂದದ್ದು ನಮ್ಮ ಕಸವನ್ನು. ನಾವು ಬೇಡ ಅಂದದ್ದೂ ನಮ್ಮ ಕಸವನ್ನೇ.

ತೆಂಗಿನ ನಾರು ಬೆರೆಸಿ, ಗಾಳಿಯಾಡಲು ಆಗಾಗ ಮಗುಚಿದರೆ ಗೊಬ್ಬರದ ರಾಶಿ ಅಷ್ಟೇನೂ ನಾರುವುದಿಲ್ಲ. ಇದು ನನಗೆ ತಿಳಿದದ್ದು ತಾರಸಿಯ ಮೇಲೆ ಒಂದು ಡ್ರಮ್ಮು ಇಟ್ಟುಕೊಂಡ ಮೇಲೆ. ಅಷ್ಟರಲ್ಲಿ ಶೆಡ್ಡಿನ ಮಾತು ಬಿದ್ದುಹೋಗಿತ್ತು.