ನೋವು ಸುಳ್ಳಲ್ಲ, ಭಯವೂ ಬೇಡ



ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂರುತ್ತಾರೆ. ಸುಗ್ಗಿ ಮುಗಿಯುತ್ತದೆ, ಕೆಲವರ ಸೊಂಟನೋವು ಮುಗಿಯುವುದಿಲ್ಲ. ನನ್ನ ಅಕ್ಕನಿಗೂ ಹೀಗೇ ಆಯಿತು. ಎಕ್ಸ್‌ರೇ, ಸ್ಕ್ಯಾನ್ ನೋಡಿದ ವೈದ್ಯರು ಗಾಬರಿಪಡುವಂಥದ್ದೇನೂ ಇಲ್ಲ ಎಂದರು. 'ಹಾಗಾದರೆ ಎಲ್ಲ ನಿನ್ನ ಮನಸ್ಸಿನದ್ದೇ' ಎಂದುಬಿಟ್ಟೆ ನಾನು. ಆ ದಿನ ಅಕ್ಕ ಅತ್ತದ್ದು ನೋವಿಗಲ್ಲ, ನನ್ನ ಮಾತಿಗೆ.

ನನ್ನ ತಪ್ಪು ಆಮೇಲೆ ತಿಳಿಯಿತು. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಪೆಟ್ಟು ಮಾಸಿದ ಮೇಲೂ ನರಗಳು ಮತ್ತು ಮಿದುಳು ಅಪಾಯದ ಸೂಚನೆ ಕೊಡುತ್ತಲೇ ಇರಬಹುದು, ಕಳ್ಳ ಹೋದ ಮೇಲೂ ಬೊಗಳುವ ತೋಟದ ನಾಯಿಯ ಹಾಗೆ. ನೋವು ನಿಜವೇ. ಆದರೆ ಸೊಂಟ ಹಾಳಾಗುತ್ತಿದೆ ಎಂದು ಅದರ ಅರ್ಥವಲ್ಲ. ಭಯ, ಚಿಂತೆ, ನಿದ್ದೆಗೇಡು ನೋವನ್ನು ಹೆಚ್ಚಿಸುತ್ತವೆ. ಹೆದರಿ ಮಲಗಿಬಿಟ್ಟರೆ ಸ್ನಾಯುಗಳೂ ಸೋಲುತ್ತವೆ.

ಅಮೆರಿಕದ ಕೊಲರಾಡೊದಲ್ಲಿ ಬೆನ್ನುನೋವಿನ 151 ಮಂದಿಯ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನೋವಿನ ಭಯ ಬಿಡಿಸುವ ನಾಲ್ಕು ವಾರಗಳ ಚಿಕಿತ್ಸೆಗೆ ಆಯ್ಕೆಯಾದವರಲ್ಲಿ ನೂರಕ್ಕೆ 66 ಮಂದಿಗೆ ನೋವು ಹೋಯಿತು ಅಥವಾ ತೀರಾ ಕಡಿಮೆಯಾಯಿತು. ಎಂದಿನ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಹೀಗಾದದ್ದು ನೂರಕ್ಕೆ 10 ಮಂದಿಗೆ. ಎಲ್ಲರಿಗೂ ಹೀಗೇ ಆದೀತೆಂದಲ್ಲ, ಆದರೆ ನಿರಾಶರಾಗಬೇಕಿಲ್ಲ.

ಅಕ್ಕ ಮಾಡಿದ್ದು ಸರಳ. ಮೊದಲ ವಾರ ಅಂಗಳದಲ್ಲಿ ಐದು ನಿಮಿಷ ನಡಿಗೆ, ಆಮೇಲೆ ವಾರವಾರ ಒಂದೆರಡು ನಿಮಿಷ ಹೆಚ್ಚು. ಹಾಯೆನಿಸಿದ ದಿನ ಅತಿಯಾಗಿ ನಡೆಯಲಿಲ್ಲ, ನೋವಿನ ದಿನ ಪೂರ್ತಿ ನಿಲ್ಲಿಸಲೂ ಇಲ್ಲ. ಮಲಗುವ ಮುನ್ನ ಹತ್ತು ನಿಮಿಷ ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡುವುದು. ನೋವು ಎದ್ದಾಗ 'ನಾಯಿ ಬೊಗಳುತ್ತಿದೆ, ಕಳ್ಳನಿಲ್ಲ' ಎಂದು ತನಗೇ ಹೇಳಿಕೊಳ್ಳುವುದು. ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಿದ್ದವಳು ಕೆಲವು ತಿಂಗಳಲ್ಲಿ ಮತ್ತೆ ನೆಲದಲ್ಲಿ ಸುಜೂದ್ ಮಾಡಿದಳು. ನೋವು ಪೂರ್ತಿ ಹೋಗಿಲ್ಲ, ಆದರೆ ಅವಳ ದಿನವನ್ನು ಈಗ ನೋವು ಆಳುತ್ತಿಲ್ಲ.

ಒಂದು ಎಚ್ಚರಿಕೆ. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಅಥವಾ ಬಿದ್ದು ಪೆಟ್ಟಾಗಿದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಮಾತ್ರೆಗಳನ್ನೂ ಅವರನ್ನು ಕೇಳದೆ ನಿಲ್ಲಿಸಬೇಡಿ.

ನಿಮ್ಮ ಮನೆಯಲ್ಲಿ ಯಾರಾದರೂ ನೋಯುತ್ತದೆ ಎಂದರೆ ಮೊದಲು ನಂಬಿರಿ. 'ಹೌದು, ನಿನಗೆ ನೋಯುತ್ತಿದೆ. ಬಾ, ಐದು ನಿಮಿಷ ಜೊತೆಗೆ ನಡೆಯೋಣ' ಎನ್ನಿರಿ. ಅಂದು ನಾನು ಅಕ್ಕನಿಗೆ ಹೇಳಬೇಕಾಗಿದ್ದದ್ದು ಇಷ್ಟೇ.